ಮಹೀಂದ್ರಾ ಎಫ್‌ಸಿ-150 ಪೆಟ್ರೋಲ್ ಪಿಕಪ್: ಕಾರ್ಟರ್ ಕಾರ್ಬೊರೇಟರ್ ರಿಪೇರಿ ಮಾಡಿಸಲಾ, ಸೋಲೆಕ್ಸ್ ಹಾಕಿಸಲಾ?

ಹ್ಯಾಂಡ್‌ಪೋಸ್ಟ್ ಕಾಫಿ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮಾವನವರ ಕಾಲದ ಎಫ್‌ಸಿ-150 ಇನ್ನೂ ಮನೆಯಲ್ಲಿದೆ. ನೋಡದೇ ಇದ್ದವರಿಗೆ ಹೇಳ್ತೀನಿ: ಬಾನೆಟ್ಟೇ ಇಲ್ಲದ ಗಿಡ್ಡ ಪಿಕಪ್. ಡ್ರೈವರ್ ಮುಂದಿನ ಚಕ್ರದ ಮೇಲೇ ಕೂತ ಹಾಗಿರುತ್ತೆ. ಎಂಜಿನ್ ಇರೋದು ಎರಡು ಸೀಟಿನ ಮಧ್ಯೆ, ಮುಚ್ಚಳದ ಕೆಳಗೆ. ಅಮೆರಿಕದ ವಿಲ್ಲಿಸ್ ಗಾಡಿ, ಮಹೀಂದ್ರಾದವರು ಇಲ್ಲಿ 1965ರಲ್ಲಿ ಶುರು ಮಾಡಿದ್ದು. ನಮ್ಮದರ ಆರ್‌ಸಿಯಲ್ಲಿ 1971 ಅಂತ ಇದೆ. ನಂಬರ್ ಇನ್ನೂ ಮೈಸೂರು ರಾಜ್ಯದ 'ಎಂವೈ'. ಎಂಜಿನ್ ಅದೇ ಹರಿಕೇನ್ ಪೆಟ್ರೋಲ್, 2.2 ಲೀಟರ್. ಯಾರೂ ಬದಲಾಯಿಸಿಲ್ಲ.

ತೊಂದರೆ ಹೀಗೆ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಐಡ್ಲಿಂಗ್ ಕೂಡ ಪರವಾಗಿಲ್ಲ. ಕಾಲು ಕೊಟ್ಟರೆ ಮಾತ್ರ ಒಂದು ಕ್ಷಣ ಸತ್ತ ಹಾಗಾಗಿ ಆಮೇಲೆ ಎತ್ತುತ್ತೆ. ಕಾಫಿ ಚೀಲ ಹೇರಿಕೊಂಡು ತೋಟದ ಏರು ಹತ್ತುವಾಗ ಇದು ಜಾಸ್ತಿ. ಕ್ಲಚ್ ಬಿಟ್ಟ ತಕ್ಷಣ ಮುಗ್ಗರಿಸುತ್ತೆ. ಎಂಜಿನ್ ಬಿಸಿ ಇದ್ದಾಗ ಅಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟೇ ಆಗಲ್ಲ. ಕ್ಯಾಬಿನ್ ತುಂಬ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ನಾಲ್ಕೂ ಕಪ್ಪು ಮಸಿ.

ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು. ಪಾಯಿಂಟ್ ಗ್ಯಾಪ್ 20 ಥೌ (ಇಂಚಿನ ಸಾವಿರದಲ್ಲಿ 20 ಭಾಗ) ಇಟ್ಟಿದ್ದೇನೆ. ಪೆಟ್ರೋಲ್ ಫಿಲ್ಟರ್ ಕೂಡ ಹೊಸದು.

ಪೇಟೆಯ ಒಬ್ಬ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡಿದ್ದೇ ತಡ, "ಅಮ್ಮ, ಕಾರ್ಬೊರೇಟರ್ ಹೋಗಿದೆ, ಸೋಲೆಕ್ಸ್ ಹಾಕಿಬಿಡೋಣ" ಅಂದ. ಏನು ಹೋಗಿದೆ ಅಂತ ಕೇಳಿದರೆ ಉತ್ತರ ಇಲ್ಲ. ಇನ್ನೊಬ್ಬರು ಇಡೀ ಎಂಜಿನ್ನೇ ತೆಗೆದು ಡೀಸೆಲ್ ಹಾಕಿ ಅಂದರು. ಈಗ ಅದರಲ್ಲಿರೋ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ) ಹಳೇ ಕಾರ್ಟರ್ ವೈಎಫ್. ಸೋಲೆಕ್ಸ್ ಅಂದರೆ ಬೇರೆ ಕಂಪನಿಯದು. ಅದನ್ನೇ ಕಿಟ್ ಹಾಕಿ ಸರಿ ಮಾಡಬಹುದಾ? ಸ್ಪ್ಯಾನರ್ ಹಿಡಿಯೋಕೆ ನನಗೆ ಬರುತ್ತೆ. ತೋಟದ ಪಂಪ್‌ಸೆಟ್ಟು, ಸ್ಪ್ರೇಯರ್ ಎಲ್ಲ ನಾನೇ ಬಿಚ್ಚಿ ಕಟ್ಟೋದು.

ಚಾರ್ಮಾಡಿ ಟರ್ನಿಂಗ್

ಅಕ್ಕ, ಎಂಥಕ್ಕೆ ತಲೆಬಿಸಿ ಮಾರಾಯ್ರೆ. ನಮ್ಮ ಕಡೆ ಪೆಟ್ರೋಲ್ ಜೀಪು ಇದ್ದವರೆಲ್ಲ ಡೀಸೆಲ್ ಹಾಕಿಸಿ ಎಷ್ಟೋ ವರ್ಷ ಆಯ್ತು. ಪೆಟ್ರೋಲ್ ರೇಟಲ್ಲಿ ಆ ಎಂಜಿನ್ ಸಾಕೋದು ಯಾರಿಗೆ ಸಾಧ್ಯ? ಅದು ಬೇಡ ಅಂದರೆ ಎಂಜಿನ್‌ನಿಂದಲೇ ಓಡೋ ಎಸಿ ಕಂಪನಿಯ ಪೆಟ್ರೋಲ್ ಪಂಪ್ ಕಿತ್ತು ಒಂದು ಎಲೆಕ್ಟ್ರಿಕ್ ಪಂಪ್ ಹಾಕಿ. ಬಿಸಿಯಲ್ಲಿ ಸ್ಟಾರ್ಟ್ ಆಗದಿರೋದು ವೇಪರ್ ಲಾಕ್ (ಪೈಪಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟೋದು), ನೂರಕ್ಕೆ ನೂರು. ನಮ್ಮ ಜೀಪಿಗೂ ಹಾಗೇ ಆಗಿತ್ತು.

ಡೆಲ್ಕೋ ಹಾಸನ

ಚಾರ್ಮಾಡಿಯವರೇ, ಸ್ವಲ್ಪ ನಿಧಾನ. ಪ್ಲಗ್ ಕಪ್ಪಾಗಿದೆ ಅಂತ ಅವರೇ ಬರೆದಿದ್ದಾರೆ. ವೇಪರ್ ಲಾಕ್ ಆದರೆ ಎಂಜಿನ್‌ಗೆ ಪೆಟ್ರೋಲ್ ಸಿಗಲ್ಲ. ಇಲ್ಲಿ ಸಿಗ್ತಿರೋದು ಜಾಸ್ತಿ. ಎರಡೂ ಬಿಸಿಯಲ್ಲೇ ಬರುತ್ತೆ, ಎರಡರಲ್ಲೂ ಗಾಡಿ ಸ್ಟಾರ್ಟ್ ಆಗಲ್ಲ. ಆದರೆ ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಇನ್ನೂ ಹಾಳು. ಓವರ್‌ಫ್ಲೋ ಆಗ್ತಿರೋ ಕಾರ್ಬೊರೇಟರ್‌ಗೆ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಏನಾಗುತ್ತೆ ಹೇಳಿ?

ಮೇಡಂ, ಈ ಹರಿಕೇನ್ ಎಂಜಿನ್ ಮೇಲೆ ನಾನು ತುಂಬ ಕೆಲಸ ಮಾಡಿದ್ದೇನೆ. ಇದರ ಒಂದು ವಿಚಿತ್ರ ಗೊತ್ತಿದ್ದರೆ ಅರ್ಧ ಸಮಸ್ಯೆ ಅರ್ಥ ಆಗುತ್ತೆ. ಇನ್‌ಲೆಟ್ ವಾಲ್ವ್ ಹೆಡ್ಡಲ್ಲಿದೆ, ಎಕ್ಸಾಸ್ಟ್ ವಾಲ್ವ್ ಬ್ಲಾಕಲ್ಲಿದೆ. ಇನ್‌ಲೆಟ್ ಮ್ಯಾನಿಫೋಲ್ಡ್ (ಪೆಟ್ರೋಲ್-ಗಾಳಿ ಒಳಗೆ ಹೋಗೋ ಕೊಳವೆ) ಅಂತ ಬೇರೆ ಇಲ್ಲವೇ ಇಲ್ಲ, ಹೆಡ್ ಜೊತೆಗೇ ಎರಕ ಹೊಯ್ದಿದ್ದಾರೆ. ಕಾರ್ಬೊರೇಟರ್ ನೇರವಾಗಿ ಹೆಡ್ ಮೇಲೆ ಕೂತಿದೆ. ಜೀಪಿನಲ್ಲಾದರೆ ಬಾನೆಟ್ ಎತ್ತಿದರೆ ಗಾಳಿ ಆಡುತ್ತೆ. ನಿಮ್ಮ ಎಫ್‌ಸಿಯಲ್ಲಿ ಅದರ ಮೇಲೆ ಮುಚ್ಚಳ, ಪಕ್ಕದಲ್ಲಿ ನಿಮ್ಮ ಮೊಣಕಾಲು. ಎಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನೂ ನಿಲ್ಲುತ್ತೆ, ನೀರೂ ನಿಲ್ಲುತ್ತೆ. ಹೆಡ್ಡಿನ ಶಾಖವೆಲ್ಲ ಫ್ಲೋಟ್ ಬೌಲ್‌ಗೆ (ಕಾರ್ಬೊರೇಟರಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು) ಏರುತ್ತೆ. ಅಲ್ಲಿದ್ದ ಪೆಟ್ರೋಲ್ ಕುದ್ದು ನಾಜಲ್‌ನಿಂದ ಕೆಳಗೆ ಸುರಿಯುತ್ತೆ. ಹತ್ತು ನಿಮಿಷದ ಲೆಕ್ಕ ಅಲ್ಲಿಂದ ಬಂದಿದ್ದು. ಒಂದು ಗಂಟೆ ಬಿಟ್ಟರೆ ತಾನಾಗೇ ಸ್ಟಾರ್ಟ್ ಆಗುತ್ತೆ, ಅಲ್ವಾ?

ದುಡ್ಡು ಖರ್ಚು ಮಾಡೋ ಮುಂಚೆ ಇಷ್ಟು ನೋಡಿ.

ಮೊದಲು ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ಏರಿದ್ದರೆ, ಎಸಿ ಪಂಪ್‌ನ ಡಯಾಫ್ರಂ (ರಬ್ಬರ್ ಪೊರೆ) ಹರಿದು ಪೆಟ್ರೋಲ್ ಸಂಪ್‌ಗೆ (ಎಂಜಿನ್ ಆಯಿಲ್ ನಿಲ್ಲೋ ತಳ) ಹೋಗ್ತಿರಬಹುದು. ಹಾಗಿದ್ದರೆ ಎಂಜಿನ್ ಓಡಿಸಲೇಬೇಡಿ. ಬೇರಿಂಗ್ ಹೋಗುತ್ತೆ. ಉಳಿದದ್ದೆಲ್ಲ ಆಮೇಲೆ.

ಆಮೇಲೆ ಎಂಜಿನ್ ತಣ್ಣಗಿದ್ದಾಗ, ಆಫ್ ಇದ್ದಾಗ, ಏರ್ ಕ್ಲೀನರ್ ಹೋಸ್ ತೆಗೆದು ಚೋಕ್ ತೆರೆದು ಒಳಗೆ ಟಾರ್ಚ್ ಬಿಡಿ. ಯಾರಿಗಾದರೂ ಆಕ್ಸಿಲರೇಟರ್ ಒತ್ತೋಕೆ ಹೇಳಿ. ಒತ್ತಿದ ಕ್ಷಣ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ಬರೀ ಜಿನುಗಿದರೆ ಅಥವಾ ಏನೂ ಬರದಿದ್ದರೆ ಕಾರ್ಬೊರೇಟರ್ ಒಳಗಿನ ಸಣ್ಣ ಪಂಪ್‌ನ ಡಯಾಫ್ರಂ ಹೋಗಿದೆ, ಇಲ್ಲ ಅದರ ಚೆಕ್ ವಾಲ್ವ್ ಕಟ್ಟಿದೆ. ಬೀಡಿ ಸೇದೋರನ್ನ ಹತ್ತಿರ ಸೇರಿಸಬೇಡಿ.

ಮೂರನೇದು, ಇದೇ ಮುಖ್ಯ. ಥ್ರಾಟಲ್ ಶಾಫ್ಟ್ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರಲ್ಲಿ ತಿರುಗೋ ಕಡ್ಡಿ) ಹಿಡಿದು ಅಲ್ಲಾಡಿಸಿ. ತಿರುಗಿಸೋದಲ್ಲ, ಮೇಲೆ ಕೆಳಗೆ. ಲೊಡಲೊಡ ಅಂದರೆ ಶಾಫ್ಟ್ ಕೂರೋ ತೂತು ಸವೆದಿದೆ, ಅಲ್ಲಿಂದ ಗಾಳಿ ಎಳೆಯುತ್ತೆ. ಯಾವ ಕಿಟ್ ಹಾಕಿದರೂ ಅದು ಸರಿ ಹೋಗಲ್ಲ. ಕಿಟ್ಟಲ್ಲಿ ಬರೋದು ರಬ್ಬರು, ಗ್ಯಾಸ್ಕೆಟ್ಟು, ನೀಡಲ್ ಸೀಟು. ಸವೆದ ಲೋಹ ವಾಪಸ್ ಬರಲ್ಲ. ಟರ್ನರ್ ಹತ್ತಿರ ಹೋಗಿ ಹಿತ್ತಾಳೆ ಬುಷ್ ಹೊಡೆಸಬೇಕು.

ಕೊನೆಗೆ, ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಒಳಗೆ ನೋಡಿ. ತಕ್ಷಣವೇ ನಾಜಲ್‌ನಿಂದ ಹನಿ ಬೀಳ್ತಿದ್ದರೆ ತಪ್ಪು ಬೌಲಿಗೆ ಬರೋ ಪೆಟ್ರೋಲ್ ತಡೆಯೋ ಫ್ಲೋಟ್ ಅಥವಾ ನೀಡಲ್‌ದು. ಕೆಲವು ನಿಮಿಷ ಸುಮ್ಮನಿದ್ದು ಆಮೇಲೆ ಶುರುವಾದರೆ ಅದು ಶಾಖ.

ಅಲ್ಲಿಯವರೆಗೆ ಬಿಸಿಯಲ್ಲಿ ಸ್ಟಾರ್ಟ್ ಮಾಡೋದು ಹೀಗೆ: ಚೋಕ್ ಬೇಡ. ಆಕ್ಸಿಲರೇಟರ್ ಪೂರ್ತಿ ತಳಕ್ಕೆ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೀರಿ. ಪದೇಪದೇ ಒತ್ತಬೇಡಿ, ಪ್ರತಿ ಒತ್ತಿಗೂ ಇನ್ನಷ್ಟು ಪೆಟ್ರೋಲ್ ಬೀಳುತ್ತೆ.

ಡೀಸೆಲ್ ಹಾಕೋ ಮಾತು: ಎಂಜಿನ್ ಬದಲಾಯಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. 1971ರ ಗಾಡಿಗೆ ಆ ಕಚೇರಿ ಮೆಟ್ಟಿಲು ಹತ್ತೋದಕ್ಕಿಂತ ಕಾರ್ಬೊರೇಟರ್ ಬಿಚ್ಚೋದು ಸುಲಭ.

ಹ್ಯಾಂಡ್‌ಪೋಸ್ಟ್ ಕಾಫಿ

ಡೆಲ್ಕೋ ಸರ್, ತುಂಬಾ ಥ್ಯಾಂಕ್ಸ್. ಎಲ್ಲ ನೋಡಿದೆ.

ಡಿಪ್‌ಸ್ಟಿಕ್‌ನಲ್ಲಿ ವಾಸನೆ ಇಲ್ಲ, ಮಟ್ಟ ಸರಿ ಇದೆ. ಆಕ್ಸಿಲರೇಟರ್ ಒತ್ತಿದಾಗ ಏನೂ ಚಿಮ್ಮಲ್ಲ, ನಾಜಲ್ ಬಾಯಿ ಒದ್ದೆ ಆಗುತ್ತೆ ಅಷ್ಟೇ. ಶಾಫ್ಟ್ ಸ್ವಲ್ಪವೇ ಸ್ವಲ್ಪ ಆಡುತ್ತೆ, ಲೊಡಲೊಡ ಅನ್ನಲ್ಲ. ಬಿಸಿಯಲ್ಲಿ ಆಫ್ ಮಾಡಿದ ತಕ್ಷಣ ಹನಿ ಇಲ್ಲ. ನಾಲ್ಕೈದು ನಿಮಿಷಕ್ಕೆ ಶುರುವಾಗಿ ಟಪಟಪ ಬಿತ್ತು. ಆಕ್ಸಿಲರೇಟರ್ ತಳಕ್ಕೊತ್ತಿ ಸೆಲ್ಫ್ ಹೊಡೆದೆ. ಕಪ್ಪು ಹೊಗೆ ಬಿಟ್ಟು ಎದ್ದಿತು! ನಮ್ಮ ತೋಟದ ರೈಟರ್ (ಲೆಕ್ಕ ನೋಡೋರು) ಪಕ್ಕದಲ್ಲೇ ಇದ್ದರು. "ಇಷ್ಟು ದಿನ ಸುಮ್ನೆ ತಳ್ಳಿದ್ವಲ್ಲ ಅಮ್ಮ" ಅಂತ ಮುಖ ಸಣ್ಣ ಮಾಡಿಕೊಂಡರು.

ಒಂದು ಅನುಮಾನ. ಧಾರೆ ಬರದಿರೋದಕ್ಕೂ ಪ್ಲಗ್ ಕಪ್ಪಾಗೋದಕ್ಕೂ ಸಂಬಂಧ ಇದೆಯಾ? ಪಂಪ್ ಹೊಡೆಯದಿದ್ದರೆ ಪೆಟ್ರೋಲ್ ಕಮ್ಮಿ ಆಗಬೇಕು, ಇಲ್ಲಿ ಜಾಸ್ತಿ ಹೋಗ್ತಿದೆ.

ಡೆಲ್ಕೋ ಹಾಸನ

ಒಳ್ಳೇ ಪ್ರಶ್ನೆ. ನಿಮಗೆ ಸಿಕ್ಕ ಮೆಕ್ಯಾನಿಕ್ ಕೇಳಬೇಕಿದ್ದ ಪ್ರಶ್ನೆ ಅದು.

ವೈಎಫ್‌ನಲ್ಲಿ ಒಂದೇ ಡಯಾಫ್ರಂ ಎರಡು ಕೆಲಸ ಮಾಡುತ್ತೆ. ಅದರ ಕೆಳಗಿನ ಕೋಣೆಗೆ ಎಂಜಿನ್‌ನ ವ್ಯಾಕ್ಯೂಮ್ (ಗಾಳಿ ಎಳೆತ) ದಾರಿ ಇದೆ. ಐಡ್ಲಿಂಗಲ್ಲಿ, ಸಮ ರಸ್ತೆಯಲ್ಲಿ ವ್ಯಾಕ್ಯೂಮ್ ಜೋರಾಗಿರುತ್ತೆ, ಡಯಾಫ್ರಂ ಕೆಳಗೆ ಎಳೆದುಕೊಂಡಿರುತ್ತೆ. ಅದಕ್ಕೆ ಸಿಕ್ಕಿಸಿರೋ ಮೀಟರಿಂಗ್ ರಾಡ್ ಕೂಡ ಮುಖ್ಯ ಜೆಟ್ (ಪೆಟ್ರೋಲ್ ಹಾಯೋ ಸಣ್ಣ ತೂತು) ಒಳಗೆ ಇಳಿದಿರುತ್ತೆ. ರಾಡಿನ ದಪ್ಪ ಭಾಗ ಜೆಟ್ಟಲ್ಲಿ, ಪೆಟ್ರೋಲ್ ಕಮ್ಮಿ. ನೀವು ಕಾಲು ಕೊಟ್ಟಾಗ ವ್ಯಾಕ್ಯೂಮ್ ಬೀಳುತ್ತೆ. ಸ್ಪ್ರಿಂಗ್ ಡಯಾಫ್ರಂನ ಮೇಲಕ್ಕೆ ದೂಡುತ್ತೆ. ಆ ಏಟಿಗೆ ಪೆಟ್ರೋಲ್ ಚಿಮ್ಮುತ್ತೆ, ಅದೇ ಏಟಿಗೆ ರಾಡ್ ಎದ್ದು ಸಣ್ಣ ಭಾಗ ಜೆಟ್ಟಿಗೆ ಬರುತ್ತೆ.

ಈಗ ಡಯಾಫ್ರಂ ಹರಿದಿದೆ ಅಂದುಕೊಳ್ಳಿ. ಚಿಮ್ಮೋಕೆ ಒತ್ತಡ ಇಲ್ಲ, ಅದಕ್ಕೇ ಕಾಲು ಕೊಟ್ಟಾಗ ಸಾಯುತ್ತೆ. ವ್ಯಾಕ್ಯೂಮ್ ಅದನ್ನ ಕೆಳಗೆ ಎಳೆಯೋಕೂ ಆಗಲ್ಲ. ರಾಡ್ ಯಾವಾಗಲೂ ಎದ್ದೇ ನಿಂತಿರುತ್ತೆ, ಸಮ ರಸ್ತೆಯಲ್ಲೂ ಏರಿನ ಪೆಟ್ರೋಲ್ ಕುಡಿಯುತ್ತೆ. ಸಾಲದ್ದಕ್ಕೆ ಹರಿದ ಜಾಗದಿಂದ ಬೌಲಿನ ಪೆಟ್ರೋಲ್ ವ್ಯಾಕ್ಯೂಮ್ ದಾರಿ ಹಿಡಿದು ನೇರ ಒಳಗೆ ಹೋಗುತ್ತೆ. ಒಂದೇ ರಬ್ಬರಿನ ತುಂಡು, ಎರಡು ರೋಗ.

ರಬ್ಬರ್ ಯಾಕೆ ಹೋಯ್ತು ಅಂತ ಬೇರೆ ಹೇಳಬೇಕಾ? ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ 20 ಭಾಗ ಎಥನಾಲ್. 50 ವರ್ಷದ ಹಿಂದಿನ ರಬ್ಬರು ಅದಕ್ಕೆ ಅಂತ ಮಾಡಿದ್ದಲ್ಲ. ಉಬ್ಬುತ್ತೆ, ಒಣಗಿದರೆ ಸೆಟೆದು ಬಿರಿಯುತ್ತೆ. ಎಸಿ ಪಂಪ್ ಡಯಾಫ್ರಂ ಇನ್ನೂ ಚೆನ್ನಾಗಿದೆ ಅಂದರೆ ಯಾರೋ ಮಧ್ಯೆ ಬದಲಾಯಿಸಿದ್ದಾರೆ.

ಹಾಗಾಗಿ ನನ್ನ ಮಾತು: ಕಾರ್ಟರ್ ಇಟ್ಟುಕೊಳ್ಳಿ, ಕಿಟ್ ಹಾಕಿ. ಶಾಫ್ಟ್ ಅಷ್ಟು ಆಡೋದು ಈ ವಯಸ್ಸಿಗೆ ಮಾಮೂಲು.

ಟೊಲೀಡೊ ಕನ್ನಡಿಗ

ಈ ಥ್ರೆಡ್ ನೋಡಿ ಖುಷಿ ಆಯ್ತು. ನಾನಿರೋದು ಒಹಾಯೊದ ಟೊಲೀಡೊದಲ್ಲಿ. ವಿಲ್ಲಿಸ್ ಫ್ಯಾಕ್ಟರಿ ಇದ್ದ ಊರು ಇದೇ, ಈಗಲೂ ಇಲ್ಲಿ ಜೀಪು ತಯಾರಾಗುತ್ತೆ. ಎಫ್‌ಸಿ-150 ಇಲ್ಲಿ 1957ರ ಮಾಡೆಲ್ ಆಗಿ ಬಂದಿದ್ದು. ಭಾನುವಾರದ ಹಳೇ ಗಾಡಿ ಮೇಳಗಳಲ್ಲಿ ಆಗಾಗ ಕಾಣುತ್ತೆ. ನಮ್ಮೂರ ಕಡೆ ಇನ್ನೂ ಕಾಫಿ ಹೊರ್ತಿದೆ ಅಂದರೆ ಇವರು ನಂಬಲ್ಲ.

ಕಿಟ್ ತರಿಸೋ ಮುಂಚೆ ಒಂದು ಎಚ್ಚರಿಕೆ, ಅಕ್ಕ. 'ಕಾರ್ಟರ್ ವೈಎಫ್ ಕಿಟ್' ಅಂತ ಹುಡುಕಿದರೆ ರಾಶಿ ಸಿಗುತ್ತೆ. ಇದೇ ವೈಎಫ್ ಹೆಸರಲ್ಲಿ ಫೋರ್ಡ್‌ನ ಆರು ಸಿಲಿಂಡರ್ ಪಿಕಪ್‌ಗೂ, ಎಎಂಸಿ ಎಂಜಿನ್‌ಗೂ ಕಾರ್ಬೊರೇಟರ್ ಹೋಗಿದೆ. ಡಯಾಫ್ರಂ, ಗ್ಯಾಸ್ಕೆಟ್ ಎಲ್ಲದಕ್ಕೂ ಒಂದೇ ಅಲ್ಲ. ನಿಮ್ಮದರ ಮೇಲಿನ ಮುಚ್ಚಳದ ಸ್ಕ್ರೂ ಒಂದಕ್ಕೆ ಸಣ್ಣ ಹಿತ್ತಾಳೆ ಬಿಲ್ಲೆ ಸಿಕ್ಕಿಸಿರುತ್ತೆ. ಅದರಲ್ಲಿ ನಂಬರ್ ಕೊರೆದಿರುತ್ತೆ. ಜೀಪಿನ ಹರಿಕೇನ್ ಎಂಜಿನ್‌ದು ಹೆಚ್ಚಾಗಿ 938ರಿಂದ ಶುರುವಾಗುತ್ತೆ. ಆ ನಂಬರ್ ಕೊಟ್ಟೇ ಕೇಳಿ. ಎಥನಾಲ್ ತಡೆಯೋ ಡಯಾಫ್ರಂ ಬೇಕು ಅಂತಲೂ ಹೇಳಿ. ಇಲ್ಲಿ ಬಂಕಿನ ಪೆಟ್ರೋಲಲ್ಲಿ 10 ಭಾಗ ಎಥನಾಲ್ ಬಂದು ಎಷ್ಟೋ ವರ್ಷ ಆಯ್ತು, ಹಾಗಾಗಿ ಅಂಥ ಕಿಟ್ ಸಿಗುತ್ತೆ.

ತಮಾಷೆ ಅಂದರೆ, ಇಲ್ಲಿನ ಜೀಪಿನವರು ಕಾರ್ಟರ್ ಕೈಕೊಟ್ಟರೆ ಹಾಕಿಕೊಳ್ಳೋದು ಸೋಲೆಕ್ಸ್. ಅದೂ ಭಾರತದಿಂದ ಬರೋದು!

ಚಾರ್ಮಾಡಿ ಟರ್ನಿಂಗ್

ಡೆಲ್ಕೋ ಅಣ್ಣ, ಸರಿ, ಒಪ್ಪಿದೆ. ಆದರೆ ಸೋಲೆಕ್ಸ್‌ಗೆ ಏನಾಗಿದೆ? ನಮ್ಮ ಜೀಪಲ್ಲಿ ಅದೇ ಇತ್ತು, ಒಂದು ದಿನ ತೊಂದರೆ ಕೊಟ್ಟಿಲ್ಲ. ಜೆಟ್ ಬೇಕಾದರೆ ಬೆಂಗಳೂರಿನ ಜೆ.ಸಿ. ರೋಡ್ ಸ್ಪೇರ್ ಅಂಗಡಿಗಳಲ್ಲಿ ಸಿಕ್ಕೇ ಸಿಗುತ್ತೆ.

ಡೆಲ್ಕೋ ಹಾಸನ

ಸೋಲೆಕ್ಸ್ ಒಳ್ಳೇದೇ, ಇಲ್ಲ ಅನ್ನಲಿಲ್ಲ. ಸರಳ. ಸ್ಲೋ ಜೆಟ್ ಹೊರಗಡೆಯಿಂದಲೇ ಬಿಚ್ಚಬಹುದು, ಕಸ ಕಟ್ಟಿದರೆ ರಸ್ತೆ ಬದಿಯಲ್ಲೇ ಊದಿ ಹಾಕಬಹುದು. ಮೇಡಂ ಅವರ ಶಾಫ್ಟ್ ಪೂರ್ತಿ ಸವೆದಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಇ20 ವಿಷಯದಲ್ಲಂತೂ ಸೋಲೆಕ್ಸ್‌ಗೆ ಒಂದು ಅನುಕೂಲ ಇದೆ. ಎಥನಾಲ್ ಉರಿಯೋಕೆ ಗಾಳಿ ಕಮ್ಮಿ ಸಾಕು, ಅಂದರೆ ಅಷ್ಟೇ ಗಾಳಿಗೆ ಇ20 ಆದರೆ ಸುಮಾರು 8% ಜಾಸ್ತಿ ಬೇಕು. ಸೋಲೆಕ್ಸ್‌ನಲ್ಲಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ಆಯ್ತು. ಕಾರ್ಟರ್‌ನಲ್ಲಿ ಅಷ್ಟು ಸುಲಭ ಇಲ್ಲ. ಆದರೆ ಮೂಡಿಗೆರೆ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ಗಾಳಿಯೇ ತೆಳು, ಹಳೇ ಜೆಟ್ಟು ಮೊದಲೇ ಸ್ವಲ್ಪ ಜಾಸ್ತಿ ಕೊಡ್ತಿರುತ್ತೆ. ಅದರಿಂದ ಒಂದಷ್ಟು ಸರಿದೂಗುತ್ತೆ.

ಬದಲಾಯಿಸಿದರೆ ಬರೋ ತಲೆನೋವು ಬೇರೆ. ಥ್ರಾಟಲ್ ತೋಳು ಇನ್ನೊಂದು ಥರ ಇದೆ, ಲಿಂಕೇಜ್ ಹೊಸದಾಗಿ ಕೂಡಿಸಬೇಕು. ಏರ್ ಕ್ಲೀನರ್ ಹೋಸಿಗೆ ಅಡಾಪ್ಟರ್ ಬೇಕು. ಎಫ್‌ಸಿಯಲ್ಲಿ ಮುಚ್ಚಳ ತಾಗುತ್ತಾ ನೋಡಬೇಕು. ಚೋಕ್ ಕೂಡ ಬೇರೆ. ಕಾರ್ಟರ್‌ನಲ್ಲಿ ಬಾಯಿ ಮುಚ್ಚೋ ತಗಡು, ಸೋಲೆಕ್ಸ್‌ನಲ್ಲಿ ತಿರುಗೋ ಬಿಲ್ಲೆಯ ಸ್ಟಾರ್ಟರ್. ತಣ್ಣಗಿರುವಾಗ ಅದಕ್ಕೆ ಕಾಲೇ ಕೊಡಬಾರದು, ಕೊಟ್ಟರೆ ಎಳೆತ ಹೋಗಿ ಸ್ಟಾರ್ಟ್ ಆಗಲ್ಲ. ಮೂವತ್ತು ವರ್ಷ ಕಾಲೊತ್ತಿ ಸ್ಟಾರ್ಟ್ ಮಾಡಿದವರಿಗೆ ಅದು ಒಗ್ಗಲ್ಲ.

ಎಲೆಕ್ಟ್ರಿಕ್ ಪಂಪ್ ಬಗ್ಗೆ ಒಂದೇ ಮಾತು. ಈ ಕಾರ್ಬೊರೇಟರ್‌ಗೆ ಬೇಕಾದ ಒತ್ತಡ 3 ಪಿಎಸ್‌ಐ ಆಸುಪಾಸು. ಇಂಜೆಕ್ಷನ್ ಕಾರಿನ ಪಂಪ್ 40ಕ್ಕೂ ಮೇಲೆ ಹೊಡೆಯುತ್ತೆ, ನೀಡಲ್ ತಡೆಯೋದೇ ಇಲ್ಲ. ಸರಿಯಾದ ಪಂಪೇ ಹಾಕಿದರೂ, ಕೀ ಆನ್ ಇದ್ದರೆ ಎಂಜಿನ್ ನಿಂತ ಮೇಲೂ ಅದು ಓಡ್ತಾನೇ ಇರುತ್ತೆ. ಕಾರ್ಬೊರೇಟರ್ ಇರೋದು ನೀವು ಕೂತಿರೋ ಕ್ಯಾಬಿನ್ ಒಳಗೆ. ಆಯಿಲ್ ಪ್ರೆಶರ್ ಬಿದ್ದರೆ ಕಟ್ ಆಗೋ ಸ್ವಿಚ್ ಇಲ್ಲದೆ ಎಫ್‌ಸಿಗೆ ಅದನ್ನ ಹಾಕಲೇಬೇಡಿ.

ಮೇಡಂ, ಕಿಟ್ ಬಂದ ಮೇಲೆ: ಬಿಚ್ಚೋ ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಚೆಕ್ ಬಾಲ್‌ಗಳು ಸಣ್ಣವು, ಬಿಳಿ ತಟ್ಟೆ ಮೇಲೆ ಬಿಚ್ಚಿ. ಥ್ರಾಟಲ್ ತಗಡಿನ ಸ್ಕ್ರೂ ಮುಟ್ಟಬೇಡಿ, ತುದಿ ಬಡಿದು ಕೂರಿಸಿರುತ್ತಾರೆ, ತಿರುಗಿಸಿದರೆ ಮುರಿಯುತ್ತೆ. ಕ್ಲೀನರಲ್ಲಿ ನೆನೆಸಿ, ದಾರಿಗಳಿಗೆಲ್ಲ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ. ಜೆಟ್ಟಿಗೆ ತಂತಿ ಹಾಕಬೇಡಿ, ಮೀನು ಗಾಳದ ದಾರ ಸಾಕು. ಕೆಳಗಿನ ಫ್ಲಾಂಜ್ ಕನ್ನಡಿ ಮೇಲೆ ಇಟ್ಟು ನೋಡಿ. ಬೋಲ್ಟ್ ಬಿಗಿದು ಬಿಗಿದು ಕಿವಿ ಬಾಗಿರುತ್ತೆ. ಬಾಗಿದ್ದರೆ ಎಮರಿ ಪೇಪರಲ್ಲಿ ಉಜ್ಜಿ ಸಮ ಮಾಡಿ. ಫ್ಲೋಟ್ ಅಳತೆ ಕಿಟ್ ಜೊತೆಗೆ ಬರೋ ಕಾಗದದಲ್ಲಿ ನಿಮ್ಮ ನಂಬರಿಗೆ ಇರೋದನ್ನೇ ಹಿಡಿಯಿರಿ. ಫ್ಲೋಟನ್ನ ಬಿಸಿನೀರಲ್ಲಿ ಅದ್ದಿ, ಗುಳ್ಳೆ ಬಂದರೆ ತೂತು.

ಎಲ್ಲರೂ ಮರೆಯೋದು ಮೀಟರಿಂಗ್ ರಾಡ್ ಸೆಟ್ಟಿಂಗ್. ಐಡ್ಲಿಂಗ್ ಸ್ಕ್ರೂ ಪೂರ್ತಿ ಹಿಂದಕ್ಕೆ ಬಿಡಿ, ಥ್ರಾಟಲ್ ಪೂರ್ತಿ ಮುಚ್ಚಬೇಕು. ಡಯಾಫ್ರಂ ಕಡ್ಡಿಯನ್ನ ಬೆರಳಲ್ಲಿ ತಳ ಮುಟ್ಟೋವರೆಗೆ ಒತ್ತಿ. ಆಗ ರಾಡ್ ಕೂಡ ಅದರ ಗುಂಡಿಯ ತಳ ಮುಟ್ಟಿರಬೇಕು. ಮುಟ್ಟದಿದ್ದರೆ ರಾಡ್ ಹಿಡಿದಿರೋ ತೋಳಿನ ತುಟಿಯನ್ನ ಸ್ವಲ್ಪ ಬಗ್ಗಿಸಿ. ಹೊಸ ಕಿಟ್ ಹಾಕಿದ ಮೇಲೂ ಕಪ್ಪು ಹೊಗೆ ಬಂತು ಅನ್ನೋರು ಬಹಳ ಜನ ಇಲ್ಲೇ ಬಿಟ್ಟಿರ್ತಾರೆ.

ಮಿಕ್ಸ್ಚರ್ ಸ್ಕ್ರೂ ಮೆತ್ತಗೆ ಒಳಗೆ ಕೂರಿಸಿ, ಒಂದರಿಂದ ಒಂದೂವರೆ ಸುತ್ತು ಹೊರಗೆ. ಅಲ್ಲಿಂದ ಎಂಜಿನ್ ಬಿಸಿ ಮಾಡಿ ಟ್ಯೂನ್ ಮಾಡಿ. ವ್ಯಾಕ್ಯೂಮ್ ಗೇಜ್ ಸಿಕ್ಕರೆ ನೋಡಿ. ಸಮುದ್ರ ಮಟ್ಟದ ಮಂಗಳೂರಲ್ಲಿ 18-20 ಇಂಚು (ಪಾದರಸದ ಲೆಕ್ಕ) ತೋರಿಸೋ ಎಂಜಿನ್ ನಿಮ್ಮಲ್ಲಿ 15-17 ತೋರಿಸುತ್ತೆ, ಗಾಬರಿ ಆಗಬೇಡಿ.

ಶಾಖಕ್ಕೆ: ಹೆಡ್ಡಿಗೂ ಕಾರ್ಬೊರೇಟರ್‌ಗೂ ಮಧ್ಯೆ 6 ಮಿ.ಮೀ. ಹೈಲಮ್ ಶೀಟ್ (ಶಾಖ ತಡೆಯೋ ಗಟ್ಟಿ ಹಲಗೆ) ಕತ್ತರಿಸಿ ಹಾಕಿ, ಎರಡೂ ಕಡೆ ಗ್ಯಾಸ್ಕೆಟ್. ಸ್ಟಡ್ ಉದ್ದದ್ದು ಬೇಕಾಗುತ್ತೆ.

ಹ್ಯಾಂಡ್‌ಪೋಸ್ಟ್ ಕಾಫಿ

ಕಿಟ್ ಬಂತು, ಹಾಕಿದೆ. ಬಿಲ್ಲೆಯಲ್ಲಿ 938 ಎಸ್‌ಡಿ ಅಂತ ಇತ್ತು, ಟೊಲೀಡೊ ಅವರಿಗೆ ಥ್ಯಾಂಕ್ಸ್. ಹಳೇ ಡಯಾಫ್ರಂನ ಅಂಚಲ್ಲಿ ಉದ್ದಕ್ಕೆ ಬಿರುಕು. ರಾಡಿನ ತೋಳು ಸ್ವಲ್ಪ ಬಗ್ಗಿಸಬೇಕಾಯ್ತು. ಈಗ ಟಾರ್ಚಲ್ಲಿ ನೋಡಿದರೆ ಧಾರೆ ಚೆನ್ನಾಗಿ ಚಿಮ್ಮುತ್ತೆ. ತೋಟದ ಏರನ್ನ ಸೆಕೆಂಡ್ ಗೇರಲ್ಲಿ ಚೀಲದ ಸಮೇತ ಹತ್ತಿತು, ಮುಗ್ಗರಿಸಲಿಲ್ಲ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆ.

ಹೈಲಮ್ ಇನ್ನೂ ಹಾಕಿಲ್ಲ, ಟರ್ನರ್ ಹತ್ತಿರ ಸ್ಟಡ್ ಮಾಡಿಸ್ತಿದ್ದೇನೆ. ಹಾಗಾಗಿ ಬಿಸಿಯಲ್ಲಿ ಈಗಲೂ ಒಮ್ಮೊಮ್ಮೆ ಸತಾಯಿಸುತ್ತೆ. ಆಕ್ಸಿಲರೇಟರ್ ತಳಕ್ಕೊತ್ತಿದರೆ ಏಳುತ್ತೆ.

ಇನ್ನೊಂದು ಕೇಳೋದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಡದ ಮಳೆ. ಗಾಡಿ ಶೆಡ್ಡಲ್ಲೇ ಇರುತ್ತೆ. ಈ ಹೊಸ ರಬ್ಬರ್ ಮುಂದಿನ ವರ್ಷಕ್ಕೆ ಉಳಿಯುತ್ತಾ?

ಡೆಲ್ಕೋ ಹಾಸನ

ಶಭಾಷ್ ಮೇಡಂ.

ಮಳೆಗಾಲಕ್ಕೆ ನಿಲ್ಲಿಸೋ ದಿನ ಟ್ಯಾಂಕಿನ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ. ಬೌಲ್ ಖಾಲಿಯಾಗಲಿ. ಕಾಕ್ ಇಲ್ಲದಿದ್ದರೆ ಒಂದು ಹಾಕಿಸಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ತೇವ ಜಾಸ್ತಿಯಾದರೆ ನೀರೂ ಎಥನಾಲೂ ಒಟ್ಟಿಗೆ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಎಂಜಿನ್‌ಗೆ ಮೊದಲು ಹೋಗೋದು ಆ ತಳದ್ದೇ. ಹಾಗಾಗಿ ಟ್ಯಾಂಕಲ್ಲಿ ಇರೋದನ್ನ ಇಳಿಸಿ ಬೇರೆ ಗಾಡಿಗೆ ಹಾಕಿಬಿಡಿ. ಟ್ಯಾಂಕ್ ತಗಡಿನದ್ದು, ಖಾಲಿ ಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತೆ. ಅದಕ್ಕೇ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಅಲುಗಾಡಿಸಿ ಬಿಡಿ. ಸೆಪ್ಟೆಂಬರಲ್ಲಿ ಅದನ್ನ ಬಸಿದು, ಮೊದಲ ಪೆಟ್ರೋಲ್ ಹಾಕೋ ಮುಂಚೆ ಫಿಲ್ಟರ್ ಬದಲಾಯಿಸಿ. ಪೆಟ್ರೋಲ್ ಹೋಸ್ ಎಲ್ಲ ಇಂಜೆಕ್ಷನ್ ಗಾಡಿಗೆ ಬರೋದನ್ನೇ ಹಾಕಿ. ಬೆಲೆ ಜಾಸ್ತಿ, ಆದರೆ ಎಥನಾಲ್ ತಡೆಯುತ್ತೆ.

ಎಂಜಿನ್ ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್ ಹೋಗಿದ್ದರೆ ಅದನ್ನೂ ಹಾಕಿಸಿ. ಸೀಟಿನ ಹಿಂದೆ ಒಂದು ಸಣ್ಣ ಡ್ರೈ ಪೌಡರ್ ಫೈರ್ ಎಕ್ಸ್ಟಿಂಗ್ವಿಷರ್ ಇಡಿ, ಕೈಗೆ ಸಿಗೋ ಹಾಗೆ.